ಮತ್ತೊಂದು ಸುತ್ತಿಗೆ ಮೊದಲು

ಐವಿಎಫ್, ಅಂದರೆ ಅಂಡಾಣುವನ್ನೂ ವೀರ್ಯಾಣುವನ್ನೂ ದೇಹದ ಹೊರಗೆ ಕೂಡಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ, ಫಲಿಸದೆ ಹೋದ ಮೇಲೆ ಬರುವ ಮೊದಲ ಮುಟ್ಟು ಎಂದಿನಂತಿರುವುದಿಲ್ಲ ಎಂಬುದನ್ನು ನಮಗೆ ಯಾರೂ ಮುಂಚಿತವಾಗಿ ಹೇಳಿರಲಿಲ್ಲ. ವಾರಗಟ್ಟಲೆ ಹಾರ್ಮೋನು ಕೊಟ್ಟು ದಪ್ಪಗೊಳಿಸಿದ ಗರ್ಭಕೋಶದ ಒಳಪದರ ಒಟ್ಟಿಗೇ ಕಳಚಿ ಬರುವುದರಿಂದ ರಕ್ತಸ್ರಾವವೂ ಹೆಚ್ಚು, ಸೊಂಟದ ನೋವೂ ಹೆಚ್ಚು. ರಕ್ತಪರೀಕ್ಷೆಯ ಫಲಿತಾಂಶ ತಿಳಿಸಲು ಫೋನ್ ಮಾಡುವ ನರ್ಸ್ "ಔಷಧಿ ಎಲ್ಲಾ ನಿಲ್ಲಿಸಿಬಿಡಿ, ಮುಟ್ಟು ಬರುತ್ತೆ, ಆಮೇಲೆ ಬಂದು ಡಾಕ್ಟರನ್ನ ನೋಡಿ" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. ಆ ಮಾತಿನ ಕೊನೆಯ ಭಾಗದ ಬಗ್ಗೆಯೇ ನಾನು ಇಲ್ಲಿ ಬರೆಯಹೊರಟಿರುವುದು. ಆಮೇಲೆ ಹೋಗಿ ನೋಡುವಾಗ ಕೇಳಬೇಕಾದದ್ದೇನು, ಮತ್ತೆ ಪ್ರಯತ್ನಿಸುವುದನ್ನು ಯಾವ ಆಧಾರದ ಮೇಲೆ ತೀರ್ಮಾನಿಸಬೇಕು ಎಂಬುದು ನಮ್ಮಿಬ್ಬರನ್ನು ಬಹಳ ಕಾಲ ಕಾಡಿದ ಪ್ರಶ್ನೆ.

ಸುತ್ತಲಿನವರ ಮಟ್ಟಿಗೆ ಇದು ಧೈರ್ಯದ ವಿಷಯ, ಇಲ್ಲವೇ ದೈವದ ವಿಷಯ. "ಕೈ ಬಿಡಬೇಡ ಕಣೆ, ನಮ್ಮ ಎದುರುಮನೆಯವರ ಸೊಸೆಗೆ ನಾಲ್ಕನೇ ಸಲಕ್ಕೆ ಅವಳಿ ಆಯ್ತು" ಎಂದು ಚಿಕ್ಕಮ್ಮ ಹುರಿದುಂಬಿಸುತ್ತಾರೆ. "ಸಾಕು ಬಿಡಮ್ಮ, ಕೊಡೋ ಕಾಲಕ್ಕೆ ದೇವ್ರು ಕೊಡ್ತಾನೆ, ಸುಮ್ನೆ ಮೈ ಯಾಕೆ ಹಾಳು ಮಾಡ್ಕೋತೀಯ" ಎಂದು ಅತ್ತೆ ತಡೆಯುತ್ತಾರೆ. ಇಬ್ಬರದ್ದೂ ಮನಃಪೂರ್ವಕವಾದ ಕಾಳಜಿಯೇ. ಆದರೆ ಮುನ್ನುಗ್ಗು ಎನ್ನುವವರಾಗಲಿ, ನಿಲ್ಲಿಸು ಎನ್ನುವವರಾಗಲಿ, ಕಳೆದ ಸುತ್ತಿನಲ್ಲಿ ನಿಜವಾಗಿ ಏನಾಯಿತು ಎಂದು ಕೇಳುವುದಿಲ್ಲ. ನನ್ನ ಮಟ್ಟಿಗೆ ಎಲ್ಲವೂ ಆರಂಭವಾಗಬೇಕಾದದ್ದು ಆ ಪ್ರಶ್ನೆಯಿಂದ. ಫಲಿಸದ ಚಿಕಿತ್ಸೆಯೊಂದು ಕಳೆದುಹೋದ ಹಣವಷ್ಟೇ ಅಲ್ಲ, ಬೇರೆ ಯಾವ ದಾರಿಯಿಂದಲೂ ದೊರೆಯದ ವಿವರಗಳನ್ನು ಹೊರತೆಗೆದ ಒಂದು ದೀರ್ಘ ತಪಾಸಣೆಯೂ ಹೌದು. ಆ ವಿವರಗಳನ್ನು ಓದದೆ ಎರಡನೆಯ ಸುತ್ತಿಗೆ ಇಳಿದರೆ, ಅದು ಮೊದಲನೆಯದರ ಪುನರಾವರ್ತನೆಯಾಗುವುದೇ ಹೊರತು ಮರುಪ್ರಯತ್ನವಾಗುವುದಿಲ್ಲ.

ಹಾಗಾಗಿ ನಾವು ಮೊದಲು ಮಾಡಿದ ಕೆಲಸ ನಮ್ಮ ಕಡತವನ್ನು ಕೇಳಿ ಪಡೆದದ್ದು. ಬಿಲ್ಲುಗಳ ಕಟ್ಟನ್ನು ಅವರು ತಾವಾಗಿಯೇ ಕೊಟ್ಟಿದ್ದರು; ಪ್ರಯೋಗಾಲಯದ ಸಾರಾಂಶವನ್ನು ಮಾತ್ರ ಕೇಳಬೇಕಾಯಿತು. ಎರಡು ಹಾಳೆಯ ಆ ಸಾರಾಂಶವನ್ನು ನಾನೂ ನನ್ನವರೂ ಊಟದ ಮೇಜಿನ ಮೇಲಿಟ್ಟುಕೊಂಡು ಸಾಲು ಸಾಲಾಗಿ ಓದಿದೆವು. ಹೊರತೆಗೆದ ಅಂಡಾಣುಗಳು ಹನ್ನೊಂದು. ಅವುಗಳಲ್ಲಿ ಪಕ್ವವಾದವು ಒಂಬತ್ತು, ಫಲಿತವಾದವು ಆರು. ಮೂರನೆಯ ದಿನದವರೆಗೂ ಆರೂ ಚೆನ್ನಾಗಿ ವಿಭಜನೆಗೊಂಡಿದ್ದವು. ಐದನೆಯ ದಿನಕ್ಕೆ, ಅಂದರೆ ಬ್ಲಾಸ್ಟೋಸಿಸ್ಟ್ ಎನ್ನುವ ಹಂತಕ್ಕೆ, ಉಳಿದವು ಎರಡೇ. ಅವುಗಳಲ್ಲಿ ಒಂದನ್ನು ಗರ್ಭಕೋಶಕ್ಕೆ ಸೇರಿಸಲಾಯಿತು, ಇನ್ನೊಂದು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ, ನನ್ನ ಹೆಸರು ಬರೆದ ಸಣ್ಣದೊಂದು ಸ್ಟ್ರಾದೊಳಗೆ ಇದೆ. ಚಿಕಿತ್ಸೆ ನಡೆಯುವಾಗ ಈ ಸಂಖ್ಯೆಗಳನ್ನು ದಿನಕ್ಕೊಂದರಂತೆ ಫೋನಿನಲ್ಲಿ ಕೇಳಿ, ಒಂದಕ್ಕೆ ಹಿಗ್ಗಿ ಇನ್ನೊಂದಕ್ಕೆ ಕುಗ್ಗಿದ್ದೆವು. ಒಟ್ಟಿಗೆ ಓದಿದಾಗ ಮಾತ್ರ ಇಳಿಮುಖವು ಎಲ್ಲಿ ಆರಂಭವಾಯಿತು ಎಂಬುದು ಕಣ್ಣಿಗೆ ಬಿತ್ತು.

ಮೂರನೆಯ ದಿನದ ನಂತರದ ಆ ಕುಸಿತಕ್ಕೆ ಅರ್ಥವಿದೆ. ಮೊದಲ ಎರಡು ಮೂರು ದಿನ ಭ್ರೂಣವು ಬಹುಮಟ್ಟಿಗೆ ಅಂಡಾಣುವಿನಲ್ಲಿ ಕೂಡಿಟ್ಟ ಸಾಮಗ್ರಿಯ ಮೇಲೆಯೇ ಬೆಳೆಯುತ್ತದೆ. ನಾಲ್ಕರಿಂದ ಎಂಟು ಕೋಶಗಳ ಹಂತದಲ್ಲಿ ಅದರದ್ದೇ ಆದ ವಂಶವಾಹಿಗಳು, ಎಂದರೆ ತಂದೆಯಿಂದ ಬಂದವೂ ಸೇರಿ, ಕೆಲಸಕ್ಕೆ ತೊಡಗುತ್ತವೆ. ಅಲ್ಲಿಂದ ಮುಂದೆ ಬಹಳಷ್ಟು ಭ್ರೂಣಗಳು ನಿಂತುಹೋದರೆ ಅಂಡಾಣುವಿನ ಗುಣಮಟ್ಟದ ಜೊತೆಗೆ ವೀರ್ಯಾಣುವಿನ ಕಡೆಗೂ ಒಮ್ಮೆ ನೋಡಬೇಕೆಂದು ನಮ್ಮ ವೈದ್ಯರು ಹೇಳಿದರು. ನನ್ನವರ ಸಾಮಾನ್ಯ ವೀರ್ಯಪರೀಕ್ಷೆಯಲ್ಲಿ ಸಂಖ್ಯೆ, ಚಲನೆ ಎಲ್ಲವೂ ಸರಿಯಿದ್ದವು. ಡಿಎನ್‌ಎ ತುಂಡಾಗಿರುವ ಪ್ರಮಾಣ ನೋಡುವ ಬೇರೆಯದೇ ಪರೀಕ್ಷೆಯಲ್ಲಿ ಆ ಪ್ರಮಾಣ ಇರಬೇಕಾದದ್ದಕ್ಕಿಂತ ಜಾಸ್ತಿ ಇತ್ತು. ಸಿಗರೇಟು ಬಿಡಿ, ರಾತ್ರಿ ಪಾಳಿಯಿಂದ ಬದಲಾಯಿಸಿಕೊಳ್ಳಿ, ಹೊಸ ವೀರ್ಯಾಣು ತಯಾರಾಗಲು ಎಪ್ಪತ್ತಕ್ಕೂ ಹೆಚ್ಚು ದಿನ ಬೇಕಾದ್ದರಿಂದ ಮೂರು ತಿಂಗಳ ನಂತರ ಬಂದು ಮತ್ತೆ ಪರೀಕ್ಷೆ ಮಾಡಿಸಿ ಎಂದರು.

ನಮ್ಮ ಮನೆಗಳಲ್ಲಿ ಈ ಮಾತು ಹೇಗೆ ಇಳಿಯುತ್ತದೆ ಎಂಬುದನ್ನು ಓದುಗರಿಗೆ ವಿವರಿಸಬೇಕಿಲ್ಲ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಅಂಶವೂ ಕಾರಣದಲ್ಲಿ ಸೇರಿರುತ್ತದೆ ಎಂಬುದು ವೈದ್ಯಕೀಯದಲ್ಲಿ ಹಳೆಯ ಸಂಗತಿ. ಹೀಗಿದ್ದೂ ನನ್ನ ಸ್ಕ್ಯಾನು, ನನ್ನ ಥೈರಾಯ್ಡು, ಅಂಡಾಣುಗಳ ಸಂಗ್ರಹ ಎಷ್ಟಿದೆಯೆಂದು ಸೂಚಿಸುವ ನನ್ನ ಎಎಂಎಚ್ ಎಲ್ಲವೂ ಬಂಧುಬಳಗದ ಬಾಯಲ್ಲಿತ್ತು, ಅವರ ಪರೀಕ್ಷೆಯ ಮಾತು ಮಾತ್ರ ನಮ್ಮ ಕೋಣೆಯ ಬಾಗಿಲು ದಾಟಿರಲಿಲ್ಲ. ಹೊಸ ವರದಿ ಬಂದ ವಾರ ನನ್ನವರೇ ಅವರಮ್ಮನ ಎದುರು ಕೂತು, "ಅಮ್ಮ, ತೊಂದರೆ ನನ್ನ ಕಡೆನೂ ಇದೆ, ಇನ್ಮೇಲೆ ಅವಳೊಬ್ಬಳನ್ನೇ ಕೇಳಬೇಡ" ಎಂದರು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನೀನು ಮೊದಲು ಆ ಹಾಳು ಬೀಡಿ ಸಿಗರೇಟು ಬಿಡು" ಎಂದರು. ಬೀಡಿ ನನ್ನವರು ಸೇದಿದವರೇ ಅಲ್ಲ. ಆದರೂ ಆ ಹೊತ್ತಿಗೆ ಯಾರೂ ತಿದ್ದಲಿಲ್ಲ.

ಹೋದ ಸಲದ ಭ್ರೂಣ ಏಕೆ ಕಚ್ಚಿಕೊಳ್ಳಲಿಲ್ಲ ಎಂಬುದಕ್ಕೆ ಬಂಧುಗಳ ಬಳಿ ಸಿದ್ಧ ಉತ್ತರಗಳಿದ್ದವು. ಭ್ರೂಣ ಸೇರಿಸಿದ ಮಾರನೆಯ ದಿನವೇ ಮೈಸೂರಿಗೆ ಕಾರಿನಲ್ಲಿ ಬಂದದ್ದು, ಮಹಡಿ ಹತ್ತಿ ಇಳಿದದ್ದು, ಯಾರದೋ ಮನೆಯಲ್ಲಿ ಎರಡು ಹೋಳು ಪರಂಗಿ ಹಣ್ಣು ತಿಂದದ್ದು, ರಜೆ ಹಾಕಿ ಮಲಗದೆ ಲ್ಯಾಪ್‌ಟಾಪ್ ಹಿಡಿದು ಕೂತದ್ದು. ಇವುಗಳಲ್ಲಿ ಯಾವುದೂ ಕಾರಣವಲ್ಲ. ಭ್ರೂಣ ಸೇರಿಸಿದ ಮೇಲೆ ಹಾಸಿಗೆಯಲ್ಲೇ ಇರುವುದರಿಂದ ಪ್ರಯೋಜನವಿಲ್ಲವೆಂದು ಹಲವು ಅಧ್ಯಯನಗಳು ತೋರಿಸಿವೆ. ಗರ್ಭಕೋಶದ ಎರಡು ಗೋಡೆಗಳು ಒಂದಕ್ಕೊಂದು ಅಂಟಿಕೊಂಡೇ ಇರುವುದರಿಂದ ಎದ್ದು ಓಡಾಡಿದರೆ ಭ್ರೂಣ ಜಾರಿ ಬೀಳುವ ಪ್ರಶ್ನೆಯೇ ಇಲ್ಲ. ಬಹುಪಾಲು ಸೋಲುಗಳ ಮೂಲ ಭ್ರೂಣದ ಕ್ರೋಮೋಸೋಮುಗಳಲ್ಲಿರುತ್ತದೆ. ಅಂಡಾಣುವಿನ ವಯಸ್ಸು ಹೆಚ್ಚಿದಂತೆಲ್ಲ ವಿಭಜನೆಯ ಹೊತ್ತಿನಲ್ಲಿ ಕ್ರೋಮೋಸೋಮು ಒಂದು ಹೆಚ್ಚೋ ಒಂದು ಕಡಿಮೆಯೋ ಆಗುವ ಸಂಭವ ಏರುತ್ತದೆ. ಐದು ದಿನ ಚೆನ್ನಾಗಿ ಬೆಳೆದಂತೆ ಕಾಣುವ ಭ್ರೂಣಗಳಲ್ಲಿಯೂ ಹೆಣ್ಣಿನ ವಯಸ್ಸು 35ರ ಸುಮಾರಿಗೆ ಮೂರರಲ್ಲಿ ಒಂದು ಹೀಗೆ ದೋಷವುಳ್ಳದ್ದಾಗಿರುತ್ತದೆ, 42ರ ಹೊತ್ತಿಗೆ ನಾಲ್ಕರಲ್ಲಿ ಮೂರು. ಮಾನಿಟರಿನ ಮೇಲೆ ಚಂದವಾಗಿ, ದುಂಡಗೆ, ಒಳ್ಳೆಯ ದರ್ಜೆಯೊಡನೆ ಕಂಡ ನಮ್ಮ ಭ್ರೂಣ ಅಂಥದ್ದೇ ಆಗಿತ್ತೋ ಏನೋ, ಅದನ್ನು ಈಗ ತಿಳಿಯುವ ದಾರಿಯಿಲ್ಲ. ಆದರೆ ನಾನು ತಿಂದ ಹಣ್ಣಾಗಲಿ ಹತ್ತಿದ ಮೆಟ್ಟಿಲಾಗಲಿ ಅದನ್ನು ಕೆಡಿಸಿರಲು ಸಾಧ್ಯವಿಲ್ಲವೆಂಬುದು ಖಚಿತವಾಗಿ ತಿಳಿದಿದೆ. ಇಷ್ಟನ್ನು ತಿಳಿಸಿ ಹೇಳುವ ಹತ್ತು ನಿಮಿಷವನ್ನು ಪ್ರತಿ ಆಸ್ಪತ್ರೆಯೂ ಹೆಂಗಸಿನ ಜೊತೆಗೆ ಅವಳ ಅತ್ತೆಗೂ ತಾಯಿಗೂ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಇನ್ನುಳಿದ ಕಾರಣಗಳನ್ನು ಹುಡುಕುವುದು ಮರುಪರಿಶೀಲನೆಯ ಕೆಲಸ. ಗರ್ಭನಾಳದಲ್ಲಿ ನೀರು ತುಂಬಿಕೊಂಡಿದ್ದರೆ ಆ ನೀರು ಗರ್ಭಕೋಶಕ್ಕೆ ಸೋರಿ ಐವಿಎಫ್ ಫಲಿಸುವ ಸಾಧ್ಯತೆಯನ್ನು ಅರ್ಧಕ್ಕೆ ಇಳಿಸಬಲ್ಲದು. ಅದನ್ನು ಮೊದಲು ಸರಿಪಡಿಸದೆ ಮತ್ತೆ ಭ್ರೂಣ ಸೇರಿಸುವುದು ವ್ಯರ್ಥ. ನಮ್ಮ ದೇಶದಲ್ಲಿ ಜನನಾಂಗದ ಕ್ಷಯ ಈಗಲೂ ಒಂದು ಮುಖ್ಯ ಕಾರಣ. ಕೆಮ್ಮಿಲ್ಲದೆ, ಜ್ವರವಿಲ್ಲದೆ ಅದು ಗರ್ಭನಾಳಗಳನ್ನೂ ಒಳಪದರವನ್ನೂ ಮೌನವಾಗಿ ಹಾಳುಮಾಡಿರುತ್ತದೆ. ನನ್ನ ಗರ್ಭನಾಳಗಳು ತೆರೆದಿದ್ದವು, ಕ್ಷಯದ ಸುಳಿವಿರಲಿಲ್ಲ. ಸಣ್ಣ ಕ್ಯಾಮೆರಾ ಇಳಿಸಿ ಗರ್ಭಕೋಶದೊಳಗೆ ನೋಡುವ ಹಿಸ್ಟರೋಸ್ಕೋಪಿ ಮಾಡಿದಾಗ ಮಾತ್ರ ಸ್ಕ್ಯಾನಿನಲ್ಲಿ ಕಾಣದಿದ್ದ ಒಂದು ಪಾಲಿಪ್, ಅಂದರೆ ಒಳಪದರದ ಸಣ್ಣ ಗಡ್ಡೆ, ಸಿಕ್ಕಿತು, ತೊಗರಿಬೇಳೆಯಷ್ಟು ಗಾತ್ರದ್ದು. ಅದನ್ನು ಅಂದೇ ತೆಗೆದರು. ಅದೇ ಅಡ್ಡಿಯಾಗಿತ್ತೆಂದು ವೈದ್ಯರು ಹೇಳಲಿಲ್ಲ, ನಾನೂ ಹಾಗೆ ನಂಬಿಕೊಂಡಿಲ್ಲ.

ಇಷ್ಟರ ಜೊತೆಗೆ, ಒಮ್ಮೆ ಸೋತವರ ಮುಂದೆ ಹೆಚ್ಚುವರಿ ಸೇವೆಗಳ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಒಳಪದರವನ್ನು ಸಣ್ಣಗೆ ಗೀರುವುದು, ಒಳಪದರ ಭ್ರೂಣವನ್ನು ಸ್ವೀಕರಿಸುವ ಗಂಟೆಯನ್ನು ಲೆಕ್ಕಹಾಕುವುದು, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಡ್ರಿಪ್ಪು, ಇನ್ನೂ ಏನೇನೋ. ಗೀರುವ ವಿಧಾನವನ್ನೇ ತೆಗೆದುಕೊಳ್ಳಿ. ಬಹಳ ವರ್ಷ ಅದನ್ನು ಲೋಕದ ಎಲ್ಲೆಡೆ ಉತ್ಸಾಹದಿಂದ ಮಾಡಲಾಗುತ್ತಿತ್ತು. 1,300ಕ್ಕೂ ಹೆಚ್ಚು ಮಹಿಳೆಯರನ್ನು ಎರಡು ಗುಂಪು ಮಾಡಿ ನಡೆಸಿ 2019ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗದಲ್ಲಿ, ಗೀರಿಸಿಕೊಂಡವರಲ್ಲಿಯೂ ಗೀರಿಸಿಕೊಳ್ಳದವರಲ್ಲಿಯೂ ಮಗು ಹುಟ್ಟಿದ ಪ್ರಮಾಣ ಒಂದೇ ಆಗಿತ್ತು: ಶೇ. 26ರಷ್ಟು. ಸೋತವರ ದುರ್ಬಲ ಗಳಿಗೆಯಲ್ಲಿ "ಈ ಸಲ ಇದನ್ನೂ ಸೇರಿಸೋಣ" ಎಂಬ ಮಾತು ಔಷಧಿಯಷ್ಟೇ ಹಿತವಾಗಿ ಕೇಳಿಸುತ್ತದೆ. ಇದರಿಂದ ಮಗು ಹುಟ್ಟುವ ಪ್ರಮಾಣ ಹೆಚ್ಚಿದ್ದನ್ನು ಎಲ್ಲಿ ತೋರಿಸಿದ್ದಾರೆ ಎಂದು ಪ್ರತಿಯೊಂದಕ್ಕೂ ಕೇಳುವ ಅಭ್ಯಾಸವನ್ನು ನಾವು ಮಾಡಿಕೊಂಡೆವು. ಕೇಳಿದ ಮೇಲೆ ಪಟ್ಟಿ ತಾನಾಗಿಯೇ ಚಿಕ್ಕದಾಯಿತು.

ಕಾಯುವ ದಿನಗಳಲ್ಲಿ ನಾನು ಓದಿದ ಒಂದು ಪ್ರಸಂಗ ಇಲ್ಲಿ ಹೇಳಬೇಕಾದದ್ದು. ಲೋಕದ ಮೊದಲ ಪ್ರನಾಳ ಶಿಶು, ಅಂದರೆ ಐವಿಎಫ್‌ನಿಂದ ಹುಟ್ಟಿದ ಮಗು, ಲೂಯಿಸ್ ಬ್ರೌನ್ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಇನ್ನೊಂದು ಹೆಣ್ಣುಮಗು ಹುಟ್ಟಿತು. ಅದರ ಹಿಂದಿದ್ದವರು ಡಾ. ಸುಭಾಷ್ ಮುಖರ್ಜಿ. ಅವರು ಭ್ರೂಣವನ್ನು 53 ದಿನ ಶೈತ್ಯದಲ್ಲಿಟ್ಟು, ಬೇರೊಂದು ಋತುಚಕ್ರದಲ್ಲಿ ತಾಯಿಯ ಗರ್ಭಕೋಶಕ್ಕೆ ಸೇರಿಸಿದ್ದರು. ರಾಜ್ಯ ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ಅಪಮಾನಗಳ ನಡುವೆ ಅವರು 1981ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. 1986ರ ಆಗಸ್ಟ್‌ನಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ತಂಡದ ಶ್ರಮದಿಂದ ಹುಟ್ಟಿದ ಮಗುವನ್ನೇ ದೇಶ ಮೊದಲನೆಯದೆಂದು ದಾಖಲಿಸಿತು. ಆ ತಂಡದ ವಿಜ್ಞಾನಿ ಟಿ. ಸಿ. ಆನಂದ ಕುಮಾರ್, ಮುಂದೆ ಬೆಂಗಳೂರಿನಲ್ಲಿ ನೆಲೆಸಿದವರು, ಮುಖರ್ಜಿಯವರ ಟಿಪ್ಪಣಿಗಳನ್ನು ತರಿಸಿ ಓದಿ, ಮೊದಲಿಗರು ತಾವಲ್ಲ, ಅವರು ಎಂದು 1997ರಲ್ಲಿ ಬರೆದು ಪ್ರಕಟಿಸಿದರು. ಕೀರ್ತಿ ತಮ್ಮ ತಂಡದ್ದಾಗಿದ್ದಾಗಲೂ ಆನಂದ ಕುಮಾರ್ ಆ ಕಾಗದಗಳನ್ನು ಕೂತು ಓದಿದರೆಂಬುದು ನನಗೆ ಬಹಳ ದೊಡ್ಡದಾಗಿ ಕಂಡಿತು. ಇಂದು ನನ್ನ ಉಳಿದೊಂದು ಭ್ರೂಣ ಶೈತ್ಯದಲ್ಲಿರುವ ಕ್ರಮವೂ ಮುಖರ್ಜಿಯವರು ಹಿಡಿದ ದಾರಿಯದೇ.

ಮತ್ತೆ ಪ್ರಯತ್ನಿಸಿದರೆ ಫಲ ಎಷ್ಟು? ಬ್ರಿಟನ್ನಿನ ಒಂದೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರ ದಾಖಲೆಗಳನ್ನು ನೋಡಿ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಮೊದಲ ಸುತ್ತಿನಲ್ಲಿ ಮಗು ಪಡೆದವರು ಶೇ. 29.5. ನಾಲ್ಕನೆಯ ಸುತ್ತಿನವರೆಗೂ ಪ್ರತಿ ಸುತ್ತಿನ ಪ್ರಮಾಣ ಶೇ. 20ಕ್ಕಿಂತ ಕೆಳಗಿಳಿಯಲಿಲ್ಲ, ಆರು ಸುತ್ತು ಪೂರೈಸಿದರೆ ಒಟ್ಟಾರೆ ಶೇ. 65ರಷ್ಟು ಎಂದು ಅವರ ಅಂದಾಜು. ಆದರೆ 40ರಿಂದ 42 ವಯಸ್ಸಿನವರಲ್ಲಿ ಆರು ಸುತ್ತಿನ ನಂತರವೂ ಅದು ಶೇ. 31ರ ಆಸುಪಾಸಿನದ್ದು. ಅಲ್ಲಿನ ಲೆಕ್ಕವನ್ನು ನಮ್ಮ ಜೇಬಿನ ಮೇಲೆ ಇಟ್ಟು ನೋಡಿದರೆ ಬೇರೆಯದೇ ಚಿತ್ರ. ಬೆಂಗಳೂರಿನಲ್ಲಿ ಒಂದು ಸುತ್ತಿಗೆ ಔಷಧಿ ಸೇರಿ ಒಂದೂವರೆಯಿಂದ ಎರಡೂವರೆ ಲಕ್ಷ ರೂಪಾಯಿ ಸಾಮಾನ್ಯ, ಬಹುತೇಕ ವಿಮೆಗಳು ಇದಕ್ಕೆ ಕೊಡುವುದಿಲ್ಲ. ಆರು ಸುತ್ತು ಹಾಕಬಲ್ಲ ಮಧ್ಯಮವರ್ಗದ ಜೋಡಿಯನ್ನು ನಾನು ಕಂಡಿಲ್ಲ. ಒಡವೆ ಅಡವಿಟ್ಟು, ಸೈಟು ಮಾರಿ ಎರಡನೆಯದಕ್ಕೆ ಬಂದು ಕಾರಿಡಾರಿನಲ್ಲಿ ಕುಳಿತವರನ್ನು ಕಂಡಿದ್ದೇನೆ. ಆದ್ದರಿಂದಲೇ ಹೆದ್ದಾರಿಯ ಬದಿಯ ಫಲಕಗಳಲ್ಲಿ ದೊಡ್ಡ ದೊಡ್ಡ ಯಶಸ್ಸಿನ ಪ್ರಮಾಣ ನೋಡಿದಾಗ ಒಂದು ಪ್ರಶ್ನೆ ಕೇಳಲೇಬೇಕು: ಇದು ರಕ್ತಪರೀಕ್ಷೆ ಪಾಸಿಟಿವ್ ಬಂದವರ ಲೆಕ್ಕವೋ, ಮಗುವನ್ನು ಎತ್ತಿಕೊಂಡು ಮನೆಗೆ ಹೋದವರ ಲೆಕ್ಕವೋ? 2021ರಲ್ಲಿ ಬಂದ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನದ ಕಾಯ್ದೆಯು ಯಶಸ್ಸಿನ ಸಾಧ್ಯತೆ, ಅಪಾಯ, ಖರ್ಚು ಎಲ್ಲವನ್ನೂ ದಂಪತಿಗಳಿಗೆ ತಿಳಿಸಿ ಹೇಳುವುದನ್ನು ಆಸ್ಪತ್ರೆಗಳ ಕರ್ತವ್ಯವನ್ನಾಗಿಯೇ ಮಾಡಿದೆ. ಕೇಳುವುದು ಉದ್ಧಟತನವಲ್ಲ.

ಮೂರು ತಿಂಗಳ ಕಾಯುವಿಕೆಯನ್ನು ನಾವು ಖಾಲಿ ಬಿಡಲಿಲ್ಲ. ಗರ್ಭನಾಳ ತೆರೆದಿದ್ದು, ಕಾರಣವೇ ಗೊತ್ತಾಗದ ಬಂಜೆತನವೆಂದು ಕಡತದ ಮೇಲೆ ಬರೆಸಿಕೊಂಡಿದ್ದ ನಮ್ಮಂಥವರಿಗೆ ತಾನಾಗಿಯೇ ಗರ್ಭ ನಿಲ್ಲುವ ಬಾಗಿಲು ಪೂರ್ತಿ ಮುಚ್ಚಿರುವುದಿಲ್ಲ. ಐವಿಎಫ್ ಮಾಡಿಸಿಕೊಂಡ ಜೋಡಿಗಳನ್ನು ವರ್ಷಗಳ ನಂತರ ವಿಚಾರಿಸಿ 2012ರಲ್ಲಿ ಪ್ರಕಟಿಸಿದ ಫ್ರಾನ್ಸಿನ ಅಧ್ಯಯನವೊಂದರಲ್ಲಿ, ಚಿಕಿತ್ಸೆ ಫಲಿಸದೆ ಹೋದವರ ಪೈಕಿ ಶೇ. 24ರಷ್ಟು ಜೋಡಿಗಳಿಗೆ ಮುಂದೆ ಚಿಕಿತ್ಸೆಯಿಲ್ಲದೆಯೇ ಮಗುವಾಗಿತ್ತು. ಇದನ್ನು ಓದಿ ಹಿಗ್ಗುವ ಮೊದಲು ಎರಡು ಮಾತು ನೆನಪಿಡಬೇಕು. ಅದು ಎಂಟು ಹತ್ತು ವರ್ಷಗಳ ಅವಧಿಯ ಲೆಕ್ಕ. ಮತ್ತು ಎರಡೂ ಗರ್ಭನಾಳ ಮುಚ್ಚಿದವರಿಗೆ, ವೀರ್ಯಾಣುವೇ ಇಲ್ಲದವರಿಗೆ ಇದು ಅನ್ವಯಿಸುವುದಿಲ್ಲ. "ಟೆನ್ಷನ್ ಬಿಟ್ಟರೆ ತಾನಾಗೇ ಆಗುತ್ತೆ" ಎನ್ನುವವರು ಈ ಭೇದವನ್ನು ಮಾಡುವುದೇ ಇಲ್ಲ.

ತಾನಾಗಿ ಆಗಲಿ ಎಂದು ಬಿಟ್ಟುಕೊಳ್ಳುವುದು ಕೇಳಲು ಹಗುರ, ಬದುಕಲು ಅಷ್ಟು ಹಗುರವಲ್ಲ. ಅಂಡಾಣು ಬಿಡುಗಡೆಯಾಗುವ ದಿನವೂ ಅದರ ಹಿಂದಿನ ಐದು ದಿನಗಳೂ ಸೇರಿ ತಿಂಗಳಿಗೆ ಆರೇ ದಿನ ಗರ್ಭ ನಿಲ್ಲುವ ಅವಕಾಶ. ಈ ಆರು ದಿನಗಳಿಗಾಗಿ ಅಂಡಾಣು ಬಿಡುಗಡೆಯನ್ನು ಸೂಚಿಸುವ ಮೂತ್ರಪರೀಕ್ಷೆಯ ಪಟ್ಟಿ ನೋಡಿ, ಕ್ಯಾಲೆಂಡರಿಗೆ ಚುಕ್ಕಿಯಿಟ್ಟು, ದಣಿದು ಬಂದ ರಾತ್ರಿಯಲ್ಲಿ "ಇವತ್ತು ಬೇಕೇ ಬೇಕು" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವಾಗ ದಾಂಪತ್ಯದೊಳಗೆ ಏನೋ ಒಣಗತೊಡಗುತ್ತದೆ. ನನ್ನವರೇ ಒಂದು ದಿನ ಆ ಪಟ್ಟಿಗಳ ಡಬ್ಬಿಯನ್ನು ಬೀರುವಿನ ಮೇಲಿನ ಅರೆಗೆ ಎತ್ತಿಟ್ಟರು. ವಾರಕ್ಕೆ ಎರಡು ಮೂರು ಸಲ, ಲೆಕ್ಕವಿಲ್ಲದೆ ಕೂಡಿದರೂ ಆ ಆರು ದಿನ ತಾನಾಗಿಯೇ ಒಳಗೊಳ್ಳುತ್ತದೆಂದು ವೈದ್ಯರು ಹೇಳಿದ್ದರು. ಫೋಲಿಕ್ ಆಮ್ಲದ ಮಾತ್ರೆ ಮಾತ್ರ ದಿನವೂ ತಪ್ಪಲಿಲ್ಲ.

ಅದೇ ಅವಧಿಯಲ್ಲಿ ಅತ್ತೆಯ ಆಸೆಯಂತೆ ಚನ್ನಪಟ್ಟಣದ ಬಳಿಯ ದೊಡ್ಡಮಳೂರಿಗೆ ಹೋಗಿಬಂದೆವು. ಹೊಸ ಹೆದ್ದಾರಿಯಾದ ಮೇಲೆ ಊರು ಪಕ್ಕಕ್ಕೆ ಉಳಿದುಬಿಟ್ಟಿದೆ, ಬೇಕೆಂದೇ ಇಳಿದು ಹೋಗಬೇಕು. ಅಪ್ರಮೇಯ ಸ್ವಾಮಿ ಗುಡಿಯಲ್ಲಿ ಅಂಬೆಗಾಲಿಡುವ ನವನೀತ ಕೃಷ್ಣನ ಸನ್ನಿಧಿಯ ಸುತ್ತ ಹರಕೆ ಹೊತ್ತವರು ಕಟ್ಟಿದ ಪುಟ್ಟ ಮರದ ತೊಟ್ಟಿಲುಗಳು ತೂಗುತ್ತವೆ. ನನಗೆ ಹರಕೆಯಲ್ಲಿ ಅಷ್ಟೇನೂ ನಂಬಿಕೆಯಿಲ್ಲ. ಆದರೂ ಸಾಲಿನಲ್ಲಿ ನಿಂತಿದ್ದವರ ಕೈಗಳಲ್ಲಿ ಕಂಡ ನಮ್ಮಂಥದ್ದೇ ಪ್ಲಾಸ್ಟಿಕ್ ಫೈಲುಗಳು, ಯಾವ ಆಪ್ತಸಲಹೆಯಲ್ಲಿಯೂ ಸಿಗದ ಒಂದು ಸಮಾಧಾನವನ್ನು ಕೊಟ್ಟವು. ಆಸ್ಪತ್ರೆಯ ಸಾಲಿನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಇಲ್ಲಿ ಬೆಣ್ಣೆಯ ದೊನ್ನೆ ಹಿಡಿದ ಒಬ್ಬಾಕೆ "ನಿಮ್ದೂ ಫೇಲಾಯ್ತಾ?" ಎಂದು ನೇರವಾಗಿ ಕೇಳಿದರು, ನಾನೂ "ಹೂಂ" ಎಂದೆ.

ಎಲ್ಲಿ ನಿಲ್ಲಿಸಬೇಕೆಂಬುದನ್ನು ಆರಂಭಿಸುವ ಮೊದಲೇ ಗೊತ್ತುಮಾಡಿಕೊಳ್ಳಬೇಕೆಂಬುದು ನಾನು ಈ ವಿಷಯದಲ್ಲಿ ಗಟ್ಟಿಯಾಗಿ ಹೇಳಬಲ್ಲ ಒಂದೇ ಮಾತು. ಸುತ್ತಿನ ನಡುವೆ, ಮೈತುಂಬ ಹಾರ್ಮೋನು ಇರುವಾಗ, ಇನ್ನೊಂದು ಹೆಜ್ಜೆ ಯಾವಾಗಲೂ ಸಣ್ಣದಾಗಿಯೇ ಕಾಣುತ್ತದೆ. ಕಾಯ್ದೆ ಹೆಣ್ಣಿಗೆ 50 ವರ್ಷದವರೆಗೂ ಅವಕಾಶ ಕೊಡುತ್ತದೆ, ಭ್ರೂಣವನ್ನು 10 ವರ್ಷ ಇಡಲು ಬಿಡುತ್ತದೆ. ಕಾಯ್ದೆಯ ಗಡಿ ನಮ್ಮ ಗಡಿಯಾಗಬೇಕಿಲ್ಲ. ದತ್ತು ಪಡೆಯುವ ವಿಚಾರವೂ ಮನೆಯಲ್ಲಿ ಬಂದಿದೆ. ಅದನ್ನು ಚಿಕಿತ್ಸೆಯ ಬಾಲಂಗೋಚಿಯಂತೆ, ಎಲ್ಲ ಮುಗಿದ ಮೇಲಿನ ಸಮಾಧಾನದಂತೆ ಮಾತನಾಡುವುದು ಬರಲಿರುವ ಮಗುವಿಗೆ ಮಾಡುವ ಅನ್ಯಾಯವೆಂದು ನನಗನ್ನಿಸುತ್ತದೆ. ಅದಕ್ಕೆ ಬೇರೆಯದೇ ದಿನ ಕೂತು ಮಾತಾಡಲು ಒಪ್ಪಿಕೊಂಡಿದ್ದೇವೆ.

ನಮ್ಮ ತೀರ್ಮಾನ ಹೀಗಿದೆ. ಸಿಗರೇಟು ಬಿಟ್ಟದ್ದರಿಂದ ಶೈತ್ಯದಲ್ಲಿರುವ ಭ್ರೂಣಕ್ಕೆ ಯಾವ ಲಾಭವೂ ಇಲ್ಲ, ಅದು ಹಳೆಯ ವೀರ್ಯಾಣುವಿನದೇ. ಕಾಯುವುದರಿಂದ ನಷ್ಟವೂ ಇಲ್ಲ, ಅದರ ಮಟ್ಟಿಗೆ ನನ್ನ ವಯಸ್ಸು ಅಂದಿಗೇ ನಿಂತಿದೆ. ವಯಸ್ಸಾಗುತ್ತಿರುವುದು ನನ್ನ ಅಂಡಾಶಯಕ್ಕೆ. ಹಾಗಾಗಿ ಯುಗಾದಿಯವರೆಗೆ ನಮ್ಮಷ್ಟಕ್ಕೆ ನಾವು ಪ್ರಯತ್ನಿಸುವುದು, ಆಗದಿದ್ದರೆ ಆ ಒಂದು ಭ್ರೂಣವನ್ನು ಯಾವ ಹೆಚ್ಚುವರಿ ಸೇವೆಯೂ ಇಲ್ಲದೆ ಸೇರಿಸಿಕೊಳ್ಳುವುದು, ಅದೂ ನಿಲ್ಲದಿದ್ದರೆ ಹೊಸ ವರದಿಗಳನ್ನಿಟ್ಟುಕೊಂಡು ಇನ್ನೊಂದೇ ಸಲ ಅಂಡಾಣು ತೆಗೆಸುವುದು, ಅಲ್ಲಿಗೆ ಮುಗಿಸುವುದು. ಸೈಟನ್ನು ಮಾರುವುದಿಲ್ಲ. ಈ ಸಲ ಭ್ರೂಣ ಸೇರಿಸಿದ ದಿನಾಂಕವನ್ನು ಅತ್ತೆಯನ್ನು ಬಿಟ್ಟು ಬೇರೆ ಯಾರಿಗೂ ಹೇಳುವುದಿಲ್ಲವೆಂದೂ ಒಪ್ಪಂದವಾಗಿದೆ. ಚಿಕ್ಕಮ್ಮನಿಗೆ ಬೇಜಾರಾಗಬಹುದು, ಅದನ್ನು ನನ್ನವರು ಸಂಭಾಳಿಸುತ್ತಾರಂತೆ.